ಅಂಗಡಿ ಇದ್ದೇ ಇದೆ, ಮಗುವಿನ ಓದು?

ಹತ್ತನೆಯ ತರಗತಿಯ ಫಲಿತಾಂಶ ಬಂದ ಸಂಜೆ ನಮ್ಮ ವ್ಯಾಪಾರಿ ಮನೆಗಳಲ್ಲಿ ಒಂದು ಸಣ್ಣ ಸಭೆ ಸೇರುತ್ತದೆ. ಹೊತ್ತು ಮುಳುಗುವ ಮುಂಚಿನ ಊಟ ಮುಗಿದಿರುತ್ತದೆ. ಅಂಗಡಿಯ ಬಾಗಿಲು ಹಾಕಿ ಬಂದ ದೊಡ್ಡಪ್ಪ ಅಂಕಪಟ್ಟಿಯನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. 'ಪರವಾಗಿಲ್ಲವೇ, ಚೆನ್ನಾಗಿ ತೆಗೆದಿದ್ದಾನೆ. ಕಾಮರ್ಸ್ ಕೊಡಿಸಿಬಿಡಿ. ಹೇಗಿದ್ದರೂ ಅಂಗಡಿಗೆ ಬರುವವನು ತಾನೆ?' ತಂದೆ ತಲೆಯಾಡಿಸುತ್ತಾರೆ. ತಾಯಿ ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಾರೆ. ಹುಡುಗನನ್ನು ಯಾರೂ ಕೇಳುವುದಿಲ್ಲ. ಹತ್ತು ನಿಮಿಷದೊಳಗೆ ತೀರ್ಮಾನವಾಯಿತು. ಹತ್ತು ಮೂಟೆ ಸಕ್ಕರೆಯ ದರ ಗೊತ್ತುಮಾಡಲು ನಾವು ಇದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇವೆ.

ಈ ತೀರ್ಮಾನ ತಪ್ಪೇ ಆಗಿರಬೇಕೆಂದಿಲ್ಲ. ಆದರೆ ಅದನ್ನು ಹತ್ತು ನಿಮಿಷದಲ್ಲಿ ಮಾಡಬಹುದಾದ ಕಾಲ ಕಳೆದುಹೋಗಿದೆ ಎಂಬುದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ. ತಮಿಳುನಾಡು ಸರಕಾರ 2025ರ ಆಗಸ್ಟ್ 8ರಂದು ತನ್ನದೇ ಆದ ರಾಜ್ಯ ಶಿಕ್ಷಣ ನೀತಿಯನ್ನು ಹೊರತಂದಿತು. ಅದಕ್ಕೆ ಮುಂಚೆಯೂ ಮಕ್ಕಳನ್ನು ಕಾಲೇಜಿಗೆ, ಉದ್ಯೋಗಕ್ಕೆ ಸಿದ್ಧಗೊಳಿಸುವ ಹೆಸರಿನಲ್ಲಿ ಅನೇಕ ಯೋಜನೆಗಳು ಬಂದಿವೆ. ಇವುಗಳಲ್ಲಿ ನಮ್ಮ ಮಕ್ಕಳ ಪಾಲಿಗೆ ಏನುಂಟು, ಏನಿಲ್ಲ, ಮನೆಯವರು ಮಾಡಬೇಕಾದದ್ದೆಷ್ಟು ಎಂಬುದನ್ನು ಕಡಯಂಪಟ್ಟಿಯ ಕಡೆಯಿಂದ ನೋಡೋಣ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು

ಕಡಯಂಪಟ್ಟಿ ಸೇಲಂ ಜಿಲ್ಲೆಯ ಒಂದು ತಾಲೂಕು ಕೇಂದ್ರ. ಸೇಲಂ–ಧರ್ಮಪುರಿ ಹೆದ್ದಾರಿಯಲ್ಲಿ ಓಮಲೂರು ದಾಟಿ ದೀವಟ್ಟಿಪಟ್ಟಿಯ ಕಡೆ ಬಂದರೆ ಈ ಸೀಮೆ. ಒಂದು ಪಕ್ಕಕ್ಕೆ ಏರ್ಕಾಡಿನ ಬೆಟ್ಟಸಾಲು, ಉತ್ತರಕ್ಕೆ ತೊಪ್ಪೂರು ಘಾಟಿ, ಅದರಾಚೆ ಧರ್ಮಪುರಿ. ಈ ಎರಡೂ ಜಿಲ್ಲೆಗಳಲ್ಲಿ ಕನ್ನಡ ಮನೆಮಾತಿನ ಕುಟುಂಬಗಳು ತಲೆತಲಾಂತರದಿಂದ ಇವೆ. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬರ ಮಹೇಂದ್ರನ ಕಾಲದ ಕ್ರಿ.ಶ. 893ರ ಅಲ್ಲಿನ ಶಾಸನದಲ್ಲಿ ವರ್ತಕನೊಬ್ಬನ ಮಕ್ಕಳಾದ ನಿಧಿಯಣ್ಣ, ಚಂಡಿಯಣ್ಣ ಎಂಬವರು ಬಸದಿ ಕಟ್ಟಿಸಿದ ಸಂಗತಿ ಇದೆ. ಅಂದರೆ ಈ ಮಣ್ಣಿನಲ್ಲಿ ಜೈನರ ವ್ಯಾಪಾರದ ಬೇರು ಹನ್ನೊಂದು ಶತಮಾನದಷ್ಟು ಆಳ.

ಬೇರಿನ ಮಾತು ಅಷ್ಟಕ್ಕೆ ಸಾಕು. ಇಂದಿನ ಮಗು ಮನೆಯಲ್ಲಿ ಕನ್ನಡ, ಅಂಗಡಿಯ ಕಟ್ಟೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಹೀಗೆ ಮೂರು ಭಾಷೆಗಳ ನಡುವೆ ಬೆಳೆಯುತ್ತದೆ. ನಮಗೆ ಇದು ಸಹಜವಾಗಿ ಕಾಣುತ್ತದೆ. ಆದರೆ ಪರೀಕ್ಷೆ, ಪ್ರವೇಶ, ಪ್ರಮಾಣಪತ್ರ ಎಂಬ ಮೂರು ಕಡೆ ಈ ಸಂಗತಿಯೇ ಕೆಲವು ಬಾಗಿಲುಗಳನ್ನು ತೆರೆಯುತ್ತದೆ, ಕೆಲವನ್ನು ಮುಚ್ಚುತ್ತದೆ. ಅದನ್ನು ಮುಂದೆ ಹೇಳುತ್ತೇವೆ.

ಅಪ್ಪನ ಕಸುಬು ಮಗನಿಗೆ

ಈಗ ಸುಮಾರು ಎಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಹೊಸೂರಿನ ಬಳಿಯ ತೊರಪಳ್ಳಿ ಆಗ ಸೇಲಂ ಜಿಲ್ಲೆಯಲ್ಲಿತ್ತು. ಆ ಊರಿನಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ನಗರಸಭೆಯ ಅಧ್ಯಕ್ಷರೂ ಆಗಿದ್ದ ರಾಜಾಜಿಯವರು ಮದ್ರಾಸ್ ರಾಜ್ಯದ ಮುಖ್ಯಮಂತ್ರಿಯಾಗಿದ್ದಾಗ, 1953ರಲ್ಲಿ, ಗ್ರಾಮಾಂತರದ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಕ್ರಮ ತಂದರು. ಮಕ್ಕಳು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿ ಕೂರುವುದು, ಉಳಿದ ಹೊತ್ತು ತಂದೆತಾಯಿಯ ಕಸುಬನ್ನು ಕಲಿಯುವುದು. ಶಾಲೆಗಳೂ ಶಿಕ್ಷಕರೂ ಸಾಲದಿದ್ದ ಕಾಲದಲ್ಲಿ ಎರಡು ಪಾಳಿಯಲ್ಲಿ ಹೆಚ್ಚು ಮಕ್ಕಳಿಗೆ ಪಾಠ ಹೇಳಬಹುದೆಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಜನ ಅದನ್ನು 'ಕುಲಕ್ಕಲ್ವಿ' ಎಂದು ಕರೆದರು, ಎಂದರೆ ಕುಲದ ಕಸುಬಿನ ಶಿಕ್ಷಣ. ಚಮ್ಮಾರನ ಮಗ ಚಮ್ಮಾರನೇ, ಅಗಸನ ಮಗ ಅಗಸನೇ ಆಗಲಿ ಎಂದು ಸರಕಾರವೇ ಹೇಳಿದಂತಾಯಿತು ಎಂದು ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಪ್ರತಿಭಟಿಸಿದರು. ಕಾಂಗ್ರೆಸ್ಸಿನ ಒಳಗಿನಿಂದಲೂ ವಿರೋಧ ಬಂತು. 1954ರಲ್ಲಿ ರಾಜಾಜಿಯವರು ಕೆಳಗಿಳಿದು ಕಾಮರಾಜರು ಮುಖ್ಯಮಂತ್ರಿಯಾದರು. ಅದೇ ವರ್ಷ ಯೋಜನೆ ರದ್ದಾಯಿತು.

ಆ ದಿನದಿಂದ ಈ ರಾಜ್ಯದ ಶಿಕ್ಷಣ ನೀತಿ ಒಂದೇ ದಿಕ್ಕಿನಲ್ಲಿ ನಡೆದಿದೆ. ಹುಟ್ಟಿದ ಮನೆ ಮಗುವಿನ ಕಸುಬನ್ನು ಗೊತ್ತುಮಾಡಬಾರದು ಎಂಬುದೇ ಆ ದಿಕ್ಕು. ಪಕ್ಷಗಳು ಬದಲಾದವು, ಮುಖ್ಯಮಂತ್ರಿಗಳು ಬದಲಾದರು, ದಿಕ್ಕು ಬದಲಾಗಲಿಲ್ಲ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನ ಯುವಜನರಲ್ಲಿ ಉನ್ನತ ಶಿಕ್ಷಣಕ್ಕೆ ಸೇರಿದವರ ಪ್ರಮಾಣ ಇಡೀ ದೇಶದಲ್ಲಿ ಶೇ. 28.4 ಇದ್ದರೆ ತಮಿಳುನಾಡಿನಲ್ಲಿ ಶೇ. 47.

ವಿಚಿತ್ರವೆಂದರೆ, ಸರಕಾರ 1954ರಲ್ಲಿ ಕೈಬಿಟ್ಟ ಆ ಪದ್ಧತಿಯನ್ನು ಯಾವ ಕಾನೂನೂ ಇಲ್ಲದೆ ತಪ್ಪದೆ ನಡೆಸಿಕೊಂಡು ಬಂದವರು ನಾವು, ವ್ಯಾಪಾರಿಗಳು. ಬೆಳಗ್ಗೆ ಶಾಲೆ, ಸಂಜೆ ಗಲ್ಲಾಪೆಟ್ಟಿಗೆ. ರಜೆಯಲ್ಲಿ ಗೋದಾಮಿನ ಲೆಕ್ಕ. ಇದರಿಂದ ಮಕ್ಕಳಿಗೆ ಸಿಕ್ಕಿದ್ದನ್ನು ಹಗುರ ಮಾಡಿ ಹೇಳುವುದು ಸಲ್ಲದು. ಬಾಯಿಲೆಕ್ಕ, ಗಿರಾಕಿಯ ಮುಖ ನೋಡಿ ಮನಸ್ಸು ತಿಳಿಯುವುದು, ಯಾರಿಗೆ ಎಷ್ಟು ಉದ್ರಿ ಕೊಡಬಹುದೆಂಬ ಅಂದಾಜು, ಕೊಟ್ಟ ಮಾತಿಗೆ ನಿಲ್ಲುವುದು – ಇವನ್ನು ಯಾವ ಕಾಲೇಜೂ ಕಲಿಸಲಾರದು. ಇಂದು ಸರಕಾರಗಳು 'ಕೌಶಲ' ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದರಲ್ಲಿ ಅರ್ಧ ಭಾಗವನ್ನು ನಮ್ಮ ಅಜ್ಜಂದಿರು ಕಿರ್ದಿಪುಸ್ತಕದ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಾರೆ.

ಆದರೆ ಮಗುವಿಗೆ ಬೇರೆ ಮನಸ್ಸಿದ್ದರೆ? ಅದನ್ನು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಹದಿನಾರನೆಯ ವಯಸ್ಸಿನ ಬಾಗಿಲು

ಕೇಳದಿದ್ದರೆ ಆಗುವ ನಷ್ಟ ಏನು ಎಂಬುದಕ್ಕೆ ಹನ್ನೊಂದನೆಯ ತರಗತಿಯನ್ನೇ ನೋಡಬೇಕು. 1978ರಲ್ಲಿ ತಮಿಳುನಾಡಿನಲ್ಲಿ ಪ್ಲಸ್ ಟು ಪದ್ಧತಿ ಬಂತು. ಅದಕ್ಕೆ ಮೊದಲು ಹನ್ನೊಂದನೆಯ ತರಗತಿಗೆ ಎಸ್.ಎಸ್.ಎಲ್.ಸಿ. ಮುಗಿಯುತ್ತಿತ್ತು, ಆಮೇಲೆ ಕಾಲೇಜಿನಲ್ಲಿ ಒಂದು ವರ್ಷ ಪಿ.ಯು.ಸಿ. ಪ್ಲಸ್ ಟು ಬಂದ ಮೇಲೆ ಹತ್ತನೆಯ ತರಗತಿ ಮುಗಿದ ಕೂಡಲೆ 'ಗ್ರೂಪ್' ಆರಿಸಬೇಕಾಯಿತು. ಗ್ರೂಪ್ ಎನ್ನುವುದು ನಾಲ್ಕು ವಿಷಯಗಳ ಒಂದು ಕಟ್ಟು. ಒಮ್ಮೆ ಕಟ್ಟಿದ ಮೇಲೆ ಬಿಚ್ಚುವುದು ಸುಲಭವಲ್ಲ.

ಇಂಜಿನಿಯರಿಂಗ್ ಪ್ರವೇಶಕ್ಕೆ ತಮಿಳುನಾಡಿನಲ್ಲಿ 1984ರಿಂದ ಒಂದು ಪ್ರವೇಶ ಪರೀಕ್ಷೆ ಇತ್ತು. ಅದನ್ನು ತೆಗೆದುಹಾಕಿದ ಕಾಯಿದೆ 2007ರಲ್ಲಿ ಜಾರಿಗೆ ಬಂತು. ಅಂದಿನಿಂದ ಹನ್ನೆರಡನೆಯ ತರಗತಿಯ ಅಂಕಗಳೇ ಆಧಾರ: ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಒಟ್ಟು 200ರ 'ಕಟ್ ಆಫ್'. ಆದ್ದರಿಂದ ಕಾಮರ್ಸ್ ಗ್ರೂಪಿನ ಮಗು ಎಷ್ಟೇ ಜಾಣನಾಗಿದ್ದರೂ ಆ ಸಾಲಿನಲ್ಲಿ ನಿಲ್ಲುವಂತಿಲ್ಲ. 2017ರಿಂದ ವೈದ್ಯಕೀಯಕ್ಕೆ ನೀಟ್ ಪರೀಕ್ಷೆ ಕಡ್ಡಾಯವಾಗಿ, ಅದರ ದಾರಿಯೇ ಬೇರೆಯಾಯಿತು.

'ನಮಗೆ ಇಂಜಿನಿಯರಿಂಗ್ ಬೇಡ, ಡಾಕ್ಟರಿಕೆಯೂ ಬೇಡ' ಎನ್ನುವವರಿಗೂ ಒಂದು ಮಾತು. ಕಾಮರ್ಸ್ ಎಂದರೆ ಒಂದೇ ಕಾಮರ್ಸ್ ಅಲ್ಲ. ವಾಣಿಜ್ಯ, ಲೆಕ್ಕಶಾಸ್ತ್ರ, ಅರ್ಥಶಾಸ್ತ್ರದ ಜೊತೆ ನಾಲ್ಕನೆಯ ವಿಷಯವಾಗಿ ವ್ಯವಹಾರ ಗಣಿತ ಮತ್ತು ಸಂಖ್ಯಾಶಾಸ್ತ್ರ ಇರುವ ಗ್ರೂಪೂ ಇದೆ, ಇಲ್ಲದ ಗ್ರೂಪೂ ಇದೆ. ಗಣಿತವೆಂದರೆ ಕಷ್ಟ ಎಂದು ಮಕ್ಕಳು ಎರಡನೆಯದರ ಕಡೆ ವಾಲುತ್ತಾರೆ, ನಾವು ಹೂಂ ಎನ್ನುತ್ತೇವೆ. ಮುಂದೆ ಅದೇ ಮಗು ಸಿ.ಎ. ಮಾಡುತ್ತೇನೆಂದು ಹೊರಟರೆ ಫೌಂಡೇಶನ್ ಪರೀಕ್ಷೆಯ ಒಂದು ಇಡೀ ಪತ್ರಿಕೆ ಗಣಿತ, ತರ್ಕ, ಸಂಖ್ಯಾಶಾಸ್ತ್ರದ್ದು. ಎಡವುವುದು ಅಲ್ಲಿಯೇ. ಆದ್ದರಿಂದ ಅಂಗಡಿಗೇ ಬರುವ ಮಗುವಾದರೂ ಸರಿ, ಗಣಿತವನ್ನು ಬಿಡಿಸಬೇಡಿ ಎಂದು ನಾವು ಗಟ್ಟಿಯಾಗಿಯೇ ಹೇಳುತ್ತೇವೆ.

ಇಲ್ಲಿ 2025ರ ನೀತಿಯ ಒಂದು ಅಂಶ ತಂದೆತಾಯಂದಿರು ಗಮನಿಸತಕ್ಕದ್ದು. ದೆಹಲಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು ನಿವೃತ್ತರಾದ ಡಿ. ಮುರುಗೇಶನ್ ಅವರ ಅಧ್ಯಕ್ಷತೆಯಲ್ಲಿ 2022ರಲ್ಲಿ ನೇಮಕವಾದ ಸಮಿತಿ 2024ರ ಜುಲೈ 1ರಂದು ವರದಿ ಕೊಟ್ಟಿತು. ಅದರ ಆಧಾರದ ಮೇಲೆ ಬಂದ ಶಾಲಾ ಶಿಕ್ಷಣದ ನೀತಿಯಲ್ಲಿ ತಮಿಳು–ಇಂಗ್ಲಿಷ್ ಎಂಬ ದ್ವಿಭಾಷಾ ಸೂತ್ರ 1968ರಿಂದ ಇದ್ದಂತೆಯೇ ಮುಂದುವರಿಯಿತು. ಮೂರು, ಐದು, ಎಂಟನೆಯ ತರಗತಿಗಳಿಗೆ ಪಬ್ಲಿಕ್ ಪರೀಕ್ಷೆ ಬೇಡವೆಂದಿತು. ಹನ್ನೊಂದನೆಯ ತರಗತಿಯ ಪಬ್ಲಿಕ್ ಪರೀಕ್ಷೆಯನ್ನೂ 2025–26ರಿಂದ ರದ್ದುಮಾಡಲಾಯಿತು.

ಮಕ್ಕಳ ಮೇಲಿನ ಹೊರೆ ಇಳಿಯಿತೆಂದು ಸಂತೋಷಪಡುವ ಮೊದಲು ಆ ಪರೀಕ್ಷೆ ಏಕೆ ಬಂತೆಂಬುದನ್ನು ನೆನಪಿಸಿಕೊಳ್ಳಬೇಕು. ಅನೇಕ ಖಾಸಗಿ ಶಾಲೆಗಳು ಹನ್ನೊಂದರ ಪಾಠವನ್ನೇ ಮಾಡದೆ ಎರಡು ವರ್ಷವೂ ಹನ್ನೆರಡರ ಪುಸ್ತಕವನ್ನು ಉರುಹೊಡೆಸುತ್ತಿದ್ದವು. ಹನ್ನೆರಡರಲ್ಲಿ ಅಂಕಗಳ ಸುರಿಮಳೆ. ಆದರೆ ನೀಟ್, ಜೆ.ಇ.ಇ. ಪರೀಕ್ಷೆಗಳಲ್ಲಿ ಅರ್ಧದಷ್ಟು ಪ್ರಶ್ನೆ ಹನ್ನೊಂದರ ಪಾಠದಿಂದಲೇ ಬರುವಾಗ ಮಕ್ಕಳು ಕಕ್ಕಾಬಿಕ್ಕಿ. ಕಾಲೇಜಿನ ಮೊದಲ ವರ್ಷದಲ್ಲಿ ನಪಾಸಾಗುವುದಕ್ಕೂ ಇದೇ ಕಾರಣವೆಂದು ಹೇಳಿ 2017–18ರಲ್ಲಿ ಹನ್ನೊಂದಕ್ಕೂ ಪಬ್ಲಿಕ್ ಪರೀಕ್ಷೆ ತಂದರು. ಈಗ ಆ ಕಾವಲು ತೆಗೆದಿದ್ದಾರೆ. ಹಳೆಯ ಚಾಳಿ ಮರಳಿ ಬರುವುದಿಲ್ಲವೆಂದು ಯಾರು ಹೇಳಬಲ್ಲರು? ಫೀಸು ಕಟ್ಟಲು ಹೋದಾಗ ಶಾಲೆಯವರನ್ನು 'ಹನ್ನೊಂದರ ಪಾಠ ಪೂರ್ತಿ ಮಾಡುತ್ತೀರಾ?' ಎಂದು ನೇರವಾಗಿ ಕೇಳುವುದರಲ್ಲಿ ಸಂಕೋಚ ಬೇಡ. ತೂಕದಲ್ಲಿ ಕಾಲು ಕಿಲೋ ಕಮ್ಮಿಯಾದರೆ ನಾವು ಬಿಡುತ್ತೇವೆಯೇ?

ಯಾರಿಗೆ ಉಂಟು, ಯಾರಿಗೆ ಇಲ್ಲ

2022ರ ಮಾರ್ಚ್ 1ರಂದು ಆಗಿನ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಅವರು 'ನಾನ್ ಮುದಲ್ವನ್' ಎಂಬ ಯೋಜನೆಯನ್ನು ಆರಂಭಿಸಿದರು. ಹೆಸರಿನ ಅರ್ಥ 'ನಾನೇ ಮೊದಲಿಗ'. ವರ್ಷಕ್ಕೆ 10 ಲಕ್ಷ ವಿದ್ಯಾರ್ಥಿಗಳಿಗೆ ಕೌಶಲ ಕಲಿಸುವ ಗುರಿ. ಸರಕಾರಿ ಶಾಲೆಗಳಲ್ಲಿ ಒಂಬತ್ತರಿಂದ ಹನ್ನೆರಡರ ಮಕ್ಕಳಿಗೆ ಮುಂದೆ ಏನು ಓದಬಹುದು, ಎಲ್ಲಿ ಓದಬಹುದು ಎಂಬ ಮಾರ್ಗದರ್ಶನ. ಕಾಲೇಜುಗಳಲ್ಲಿ ಪಾಠದ ಒಳಗೇ ಉದ್ಯೋಗಕ್ಕೆ ಬೇಕಾದ ಕೋರ್ಸುಗಳು. ಅದೇ ವರ್ಷ ಹನ್ನೆರಡು ಮುಗಿಸಿದವರಿಗಾಗಿ 'ಕಲ್ಲೂರಿ ಕನವು', ಎಂದರೆ ಕಾಲೇಜಿನ ಕನಸು, ಎಂಬ ಶಿಬಿರಗಳು ಜಿಲ್ಲೆ ಜಿಲ್ಲೆಯಲ್ಲಿ ನಡೆದವು.

ಹತ್ತಿರದ ಸರಕಾರಿ ಶಾಲೆಯಲ್ಲಿ ಓದುವ ಕೂಲಿಯವನ ಮಗಳಿಗೆ ಕಾಲೇಜಿನ ಕೋರ್ಸುಗಳ ಹೆಸರನ್ನು ಶಾಲೆಯೇ ಹೇಳಿಕೊಡುತ್ತಿರುವಾಗ, ಫೀಸು ಕಟ್ಟಿ ಖಾಸಗಿ ಶಾಲೆಯಲ್ಲಿ ಓದಿಸಿದ ನಮ್ಮ ಮಗುವಿಗೆ ಅದನ್ನು ಹೇಳುವವರು ದೊಡ್ಡಪ್ಪ ಒಬ್ಬರೇ! ಸರಕಾರಿ ಶಾಲೆಯ ಮಕ್ಕಳಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚು ಪಡಬೇಕಾದ್ದಿಲ್ಲ. ಅವರಿಗೆ ಅದು ಸಲ್ಲಬೇಕಾದದ್ದೇ. ನಮ್ಮ ಮನೆಗಳಲ್ಲಿ ಆ ಕೆಲಸ ಯಾರ ಪಾಲಿಗೂ ಬಂದಿಲ್ಲ ಎಂಬುದನ್ನು ಮಾತ್ರ ಹೇಳುತ್ತಿದ್ದೇವೆ.

ಮೀಸಲಾತಿಯೂ ಹಾಗೆಯೇ. ಆರರಿಂದ ಹನ್ನೆರಡರವರೆಗೆ ಸರಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯದಲ್ಲಿ ಶೇ. 7.5 ಸ್ಥಾನಗಳನ್ನು 2020ರ ಕಾಯಿದೆ ಕೊಟ್ಟಿತು. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಕಾನೂನು ಮುಂತಾದವಕ್ಕೂ ವಿಸ್ತರಿಸಿದರು. ನಮ್ಮ ಮಕ್ಕಳಲ್ಲಿ ಬಹುತೇಕರು ಮೆಟ್ರಿಕ್ಯುಲೇಷನ್ ಶಾಲೆಯವರಾದ್ದರಿಂದ ಇದು ಅವರಿಗಿಲ್ಲ. ಪಾಠ್ಯಕ್ರಮದಲ್ಲಾದರೂ ವ್ಯತ್ಯಾಸವಿದೆಯೇ ಎಂದರೆ, 2010ರ ಸಮಚ್ಚೀರ್ ಕಲ್ವಿ ಕಾಯಿದೆ 2011–12ರಲ್ಲಿ ಪೂರ್ಣವಾಗಿ ಜಾರಿಯಾದ ಮೇಲೆ ಮೆಟ್ರಿಕ್ಯುಲೇಷನ್ ಶಾಲೆಗೂ ಸರಕಾರಿ ಶಾಲೆಗೂ ಒಂದೇ ಪಾಠ್ಯಕ್ರಮ. ನಾವು ಹೆಚ್ಚಿನ ಹಣ ಕೊಡುತ್ತಿರುವುದು ಇಂಗ್ಲಿಷ್ ಮಾಧ್ಯಮಕ್ಕೆ ಮತ್ತು ಶಾಲೆಯ ಶಿಸ್ತಿಗೆ ಎಂದು ತಿಳಿದುಕೊಂಡು ಕೊಟ್ಟರೆ ಸರಿ.

ನಮ್ಮವರಿಗೂ ಸಲ್ಲುವ, ಆದರೆ ನಮ್ಮವರು ಕೇಳದೆ ಬಿಡುವ ಒಂದು ಸವಲತ್ತಿದೆ. ಅದು 'ಮೊದಲ ಪದವೀಧರ' ರಿಯಾಯಿತಿ. 2010–11ರಲ್ಲಿ ಬಂದ ಈ ಕ್ರಮದಂತೆ, ಅಜ್ಜ, ಅಜ್ಜಿ, ತಂದೆ, ತಾಯಿ, ಒಡಹುಟ್ಟಿದವರು ಯಾರೂ ಪದವಿ ಪಡೆಯದ ಕುಟುಂಬದ ಮಗು ಸರಕಾರದ ಕೌನ್ಸೆಲಿಂಗ್ ಮೂಲಕ ವೃತ್ತಿಶಿಕ್ಷಣಕ್ಕೆ ಸೇರಿದರೆ ಬೋಧನಾ ಶುಲ್ಕದಲ್ಲಿ ರಿಯಾಯಿತಿ. ಜಾತಿಯ ಕಟ್ಟಿಲ್ಲ, ವರಮಾನದ ಕಟ್ಟೂ ಇಲ್ಲ. ಅಜ್ಜನೂ ಅಪ್ಪನೂ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ಅಂಗಡಿಗೆ ಕೂತ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ತಾಲೂಕು ಕಚೇರಿಯಿಂದ ಪ್ರಮಾಣಪತ್ರ ಪಡೆಯಬೇಕು. ಒಂದು ಕುಟುಂಬಕ್ಕೆ ಒಂದೇ ಸಲ. ಮ್ಯಾನೇಜ್‌ಮೆಂಟ್ ಸೀಟು ತೆಗೆದುಕೊಂಡರೆ ಇಲ್ಲ. ದುಡ್ಡು ಕೊಟ್ಟು ಸೀಟು ಹಿಡಿಯುವ ಅವಸರದಲ್ಲಿ ಕೌನ್ಸೆಲಿಂಗಿಗೆ ಹೆಸರು ಕೊಡುವುದನ್ನೇ ಮರೆಯುವ ಮನೆಗಳೂ ಉಂಟು.

ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು 2014ರ ಜನವರಿ 27ರಂದು ಘೋಷಿಸಲಾಯಿತು. ಇದರಿಂದ ಪ್ರವೇಶದಲ್ಲಿ ತಾನಾಗಿ ಮೀಸಲಾತಿ ಸಿಗುತ್ತದೆಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ನಡೆಸುವ ಹಕ್ಕು, ಅಲ್ಪಸಂಖ್ಯಾತರಿಗಾಗಿ ಇರುವ ಶಿಕ್ಷಣ ಸಾಲ ಮುಂತಾದವು ಬೇರೆ, ಸೀಟಿನ ಮೀಸಲಾತಿ ಬೇರೆ.

ತಮಿಳು, ಕನ್ನಡ ಮತ್ತು ಸರ್ಟಿಫಿಕೇಟು

ಭಾಷೆಯ ಮಾತಿಗೆ ಬರೋಣ. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ಹತ್ತರವರೆಗೆ ತಮಿಳನ್ನು ಮೊದಲ ಭಾಗದ ಕಡ್ಡಾಯ ಭಾಷೆಯನ್ನಾಗಿ ಮಾಡಿತು. ವರ್ಷಕ್ಕೊಂದು ತರಗತಿಯಂತೆ ಏರಿ 2015–16ಕ್ಕೆ ಹತ್ತನೆಯ ತರಗತಿಯನ್ನು ಮುಟ್ಟಿತು. ಮನೆಮಾತು ಬೇರೆಯಿರುವವರು ಅದನ್ನು ನಾಲ್ಕನೆಯ ಭಾಗದಲ್ಲಿ ಐಚ್ಛಿಕವಾಗಿ ಓದಬಹುದು. ಭಾಷಾ ಅಲ್ಪಸಂಖ್ಯಾತ ಶಾಲೆಗಳವರು ನ್ಯಾಯಾಲಯಕ್ಕೆ ಹೋದರು. ಹತ್ತನೆಯ ತರಗತಿಯ ತಮಿಳು ಪತ್ರಿಕೆಯಿಂದ ಅಂಥ ಮಕ್ಕಳಿಗೆ ಕಾಲಕಾಲಕ್ಕೆ ವಿನಾಯಿತಿ ಸಿಕ್ಕಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟದ್ದೂ ಒಂದು ವರ್ಷದ ವಿನಾಯಿತಿಯನ್ನೇ.

ಹೊಸೂರು, ಡೆಂಕಣಿಕೋಟೆಯ ಕಡೆ ಕನ್ನಡ ಶಾಲೆಗಳಲ್ಲಿ ಓದುವವರಿಗೆ ಇದು ಬಹು ದೊಡ್ಡ ಸಮಸ್ಯೆ. ಕಡಯಂಪಟ್ಟಿಯ ನಮ್ಮ ಮಕ್ಕಳ ಪಾಡು ಬೇರೆ. ಇವರು ತಮಿಳಿನಲ್ಲಿ ಗಿರಾಕಿಯೊಡನೆ ಚೌಕಾಸಿ ಮಾಡಬಲ್ಲರು, ಬರೆಯಲು ತಡವರಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ವಿನಾಯಿತಿಗೆ ಕಾಯುವುದಕ್ಕಿಂತ ತಮಿಳನ್ನು ಚೆನ್ನಾಗಿ ಕಲಿಸುವುದೇ ಲೇಸು. ಕಾರಣ ಭಾವನೆಯದಲ್ಲ, ವ್ಯವಹಾರದ್ದು. 2021ರ ಡಿಸೆಂಬರಿನ ಆದೇಶದಂತೆ ತಮಿಳುನಾಡಿನ ಸರಕಾರಿ ನೌಕರಿಯ ಪರೀಕ್ಷೆಗಳಲ್ಲಿ ತಮಿಳು ಪತ್ರಿಕೆ ಕಡ್ಡಾಯ. ಅದರಲ್ಲಿ ಶೇ. 40 ಅಂಕ ಬಾರದಿದ್ದರೆ ಉಳಿದ ಪತ್ರಿಕೆಗಳನ್ನು ನೋಡುವುದೇ ಇಲ್ಲ. ತಮಿಳು ಮಾಧ್ಯಮದಲ್ಲಿ ಓದಿದವರಿಗೆ 2010ರ ಕಾಯಿದೆಯಿಂದ ನೌಕರಿಯಲ್ಲಿ ಶೇ. 20 ಮೀಸಲು ಬೇರೆ ಇದೆ. ಅದು ಇಂಗ್ಲಿಷ್ ಮಾಧ್ಯಮದವರಿಗೆ ಸಿಗದು. 'ನಮ್ಮವರು ಸರಕಾರಿ ನೌಕರಿಗೆ ಎಲ್ಲಿ ಹೋಗುತ್ತಾರೆ?' ಎನ್ನಬಹುದು. ಹೋಗಬೇಕೆನ್ನುವ ಒಂದು ಮಗು ಮನೆಯಲ್ಲಿದ್ದರೆ?

ಇನ್ನು ಕನ್ನಡದ ಸೆಳೆತ. ಹತ್ತು ಮುಗಿದ ಮೇಲೆ ಮಗುವನ್ನು ಕರ್ನಾಟಕಕ್ಕೆ ಕಳಿಸಿ, ಹಾಸ್ಟೆಲಿನಲ್ಲಿಟ್ಟು, ಎರಡು ವರ್ಷ ಪಿ.ಯು.ಸಿ. ಓದಿಸುವ ಪದ್ಧತಿ ನಮ್ಮಲ್ಲಿದೆ. ಮೂಡಬಿದಿರೆ, ಉಜಿರೆ, ಬೆಂಗಳೂರು ಎಂದರೆ ನೆಂಟರಿಷ್ಟರು ಇರುತ್ತಾರೆ, ಊಟದ ಆಚಾರವೂ ನಡೆಯುತ್ತದೆ, ಕನ್ನಡವೂ ಉಳಿಯುತ್ತದೆ. ಒಳ್ಳೆಯದೇ. ಆದರೆ ಕಳಿಸುವ ಮೊದಲು ಕಾಗದಪತ್ರದ ಲೆಕ್ಕ ನೋಡಿರಿ. ತಮಿಳುನಾಡಿನ ಇಂಜಿನಿಯರಿಂಗ್ ಕೌನ್ಸೆಲಿಂಗಿನಲ್ಲಿ ಎಂಟರಿಂದ ಹನ್ನೆರಡರವರೆಗೆ ಇಲ್ಲಿಯೇ ಓದಿದವರಿಗೆ ನೇಟಿವಿಟಿ ಸರ್ಟಿಫಿಕೇಟಿನ ಗೊಡವೆ ಇಲ್ಲ. ನಡುವೆ ಹೊರಗೆ ಓದಿದವರು ಅದನ್ನು ತರಬೇಕು. ಅತ್ತ ಕರ್ನಾಟಕದ ಸಿ.ಇ.ಟಿ.ಯಲ್ಲಿ ಮುಖ್ಯ ನಿಯಮವೆಂದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಎರಡು ವರ್ಷದ ಓದು ಸಾಲದು. ಎರಡೂ ದೋಣಿಯಲ್ಲಿ ಕಾಲಿಟ್ಟಂತಾಗುತ್ತದೆ.

ಇದಕ್ಕೆ ಒಂದು ದಾರಿ ನಮ್ಮ ಮನೆಯ ಹೆಣ್ಣುಮಕ್ಕಳ ಹಳೆಯ ಪೆಟ್ಟಿಗೆಯಲ್ಲಿ ಇರಬಹುದು. ಸಿ.ಇ.ಟಿ. ನಿಯಮಗಳಲ್ಲಿ ಇನ್ನೊಂದು ಕಲಮು, ಮಗು ಪಿ.ಯು.ಸಿ.ಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅರ್ಹತೆ ಕೊಡುತ್ತದೆ. ಈ ಕಡೆಯ ಎಷ್ಟೋ ಸೊಸೆಯಂದಿರು ಕರ್ನಾಟಕದಿಂದ ಬಂದವರು. ಅವರು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತರಿಸಿಟ್ಟುಕೊಂಡರೆ ಮಗುವಿಗೆ ಅದೇ ಬಾಗಿಲು. ಗಡಿನಾಡ ಕನ್ನಡಿಗರಿಗೆಂದು ಇರುವ ಕಲಮಿನಲ್ಲಿ ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ತಾಲೂಕುಗಳ ಹೆಸರನ್ನು ಕಂಡು ಸೇಲಂ ಜಿಲ್ಲೆಗೂ ಅದು ಅನ್ವಯಿಸುತ್ತದೆಂದು ಭಾವಿಸಿಕೊಳ್ಳಬಾರದು. ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಹೆಜ್ಜೆಯಿಡಬೇಕು.

ಬಂಗಾರದಿಂದ ಪುಸ್ತಕಕ್ಕೆ

ಇಷ್ಟು ಹೊತ್ತು 'ಮಗು' ಎಂದು ಬರೆದೆವು. ವಾಚಕರು ಮನಸ್ಸಿನಲ್ಲಿ ಗಂಡುಮಗುವನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ. ಅಂಗಡಿಗೆ ಬರುವವನ ಓದಿನ ವಿಚಾರದಲ್ಲಿ ಹತ್ತು ನಿಮಿಷದ ಸಭೆಯಾದರೂ ಇದೆ. ಹೆಣ್ಣುಮಗಳ ವಿಚಾರದಲ್ಲಿ ಅದೂ ಇಲ್ಲ. 'ಹತ್ತಿರದ ಕಾಲೇಜಿನಲ್ಲಿ ಯಾವುದಾದರೊಂದು ಡಿಗ್ರಿ ಮಾಡಲಿ, ಅಷ್ಟರೊಳಗೆ ಸಂಬಂಧ ಬರುತ್ತದೆ.'

2001ರ ಜನಗಣತಿಯ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಡುತ್ತೇವೆ. ದೇಶದ ಆರು ಮುಖ್ಯ ಧರ್ಮಗಳಲ್ಲಿ ಸ್ತ್ರೀಯರ ಸಾಕ್ಷರತೆ ಅತಿ ಹೆಚ್ಚು ಇದ್ದದ್ದು ಜೈನರಲ್ಲಿ, ಶೇ. 90.6. ಅದೇ ಆರು ಧರ್ಮಗಳಲ್ಲಿ ದುಡಿಮೆಯಲ್ಲಿ ತೊಡಗಿದ ಸ್ತ್ರೀಯರ ಪ್ರಮಾಣ ಅತಿ ಕಡಿಮೆ ಇದ್ದದ್ದೂ ಜೈನರಲ್ಲಿ, ಶೇ. 9.2. ಎಲ್ಲರಿಗಿಂತ ಹೆಚ್ಚು ಓದಿಸಿ, ಎಲ್ಲರಿಗಿಂತ ಕಡಿಮೆ ಉಪಯೋಗಿಸಿಕೊಂಡೆವು. ವ್ಯಾಪಾರದಲ್ಲಿ ಇಂಥ ಬಂಡವಾಳವನ್ನು ಏನೆಂದು ಕರೆಯುತ್ತಾರೆಂದು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ.

ಇದೇ ವಿಷಯದಲ್ಲಿ ತಮಿಳುನಾಡು ಸರಕಾರ ಮಾಡಿದ ಒಂದು ಬದಲಾವಣೆ ಬಂಗಾರದ ವ್ಯಾಪಾರಿಗಳಿಗೆ ವಿಶೇಷವಾಗಿ ಅರ್ಥವಾದೀತು. ದೇವದಾಸಿ ಪದ್ಧತಿಯ ವಿರುದ್ಧ ಹೋರಾಡಿದ ಮೂವಲೂರು ರಾಮಾಮಿರ್ದಂ ಅಮ್ಮೈಯಾರ್ ಅವರ ಹೆಸರಿನಲ್ಲಿ 1989ರಲ್ಲಿ ಬಡ ಹೆಣ್ಣುಮಕ್ಕಳ ಮದುವೆಗೆ ಸಹಾಯಧನ ಕೊಡುವ ಯೋಜನೆ ಬಂತು. 2011ರಲ್ಲಿ ಅದಕ್ಕೆ ತಾಳಿಗೆಂದು 4 ಗ್ರಾಂ ಬಂಗಾರ ಸೇರಿತು. 2016ರಲ್ಲಿ ಅದು 8 ಗ್ರಾಂ ಆಯಿತು. 2022ರಲ್ಲಿ ಆ ಮದುವೆಯ ಯೋಜನೆಯನ್ನೇ ಓದಿನ ಯೋಜನೆಯಾಗಿ ಮಾರ್ಪಡಿಸಿದರು. ಸರಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ಓದು ಮುಗಿಯುವವರೆಗೆ ತಿಂಗಳಿಗೆ 1000 ರೂಪಾಯಿ. 'ಪುದುಮೈ ಪೆಣ್' ಎಂಬ ಹೆಸರಿನಲ್ಲಿ ಆ ವರ್ಷದ ಸೆಪ್ಟೆಂಬರ್ 5ರಂದು ಅದು ಆರಂಭವಾಯಿತು. ಹುಡುಗರಿಗಾಗಿ 'ತಮಿಳ್ ಪುದಲ್ವನ್' 2024ರ ಆಗಸ್ಟಿನಲ್ಲಿ ಬಂತು.

ಆ ಸಾವಿರ ರೂಪಾಯಿ ನಮ್ಮ ಹೆಣ್ಣುಮಕ್ಕಳಿಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ತಾಳಿಯ ಬಂಗಾರಕ್ಕೆ ಮೀಸಲಿಟ್ಟ ಹಣವನ್ನು ಒಂದು ಸರಕಾರ ಕಾಲೇಜಿಗೆ ತಿರುಗಿಸಬಲ್ಲುದಾದರೆ, ಮಗಳು ಹುಟ್ಟಿದ ದಿನದಿಂದ ಒಡವೆಗೆಂದು ಕೂಡಿಡುವ ನಮ್ಮ ಮನೆಗಳಲ್ಲಿ ಅದರ ನಾಲ್ಕರಲ್ಲಿ ಒಂದು ಪಾಲನ್ನು ಅವಳ ಓದಿಗೆಂದು ಬೇರೆ ಖಾತೆಯಲ್ಲಿ ಬರೆಯಬಾರದೇ?

ಓದಲು ದೂರ ಕಳಿಸಲಾರೆವು ಎನ್ನುವವರು ತಾವು ಸರಕು ತರಲು ಹೋಗುವ ದಾರಿಯನ್ನೇ ನೋಡಲಿ. ಕಡಯಂಪಟ್ಟಿಯಿಂದ ಸೇಲಂನ ಲೀ ಬಜಾರಿಗೋ ಶೆವ್ವಾಪೇಟೆಗೋ ಹೋಗುವ ಬಸ್ಸು ಓಮಲೂರು ದಾಟಿದ ಮೇಲೆ ಕರುಪ್ಪೂರಿನ ಸರಕಾರಿ ಇಂಜಿನಿಯರಿಂಗ್ ಕಾಲೇಜಿನ ಮುಂದೆ ಹಾದುಹೋಗುತ್ತದೆ. ಅದು 1966ರದು. ಅದೇ ರಸ್ತೆಯಲ್ಲಿ 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯ. ಸೇಲಂನಲ್ಲಿ 1986ರ ಸರಕಾರಿ ವೈದ್ಯಕೀಯ ಕಾಲೇಜು, 1960ರ ಕೈಮಗ್ಗ ತಂತ್ರಜ್ಞಾನ ಸಂಸ್ಥೆ. ಜವಳಿ ವ್ಯಾಪಾರದ ಮನೆಯವರು ಈ ಕೊನೆಯದರ ಕಡೆ ಒಮ್ಮೆಯಾದರೂ ಕಣ್ಣು ಹಾಯಿಸಬೇಕಿತ್ತು.

ಸಿ.ಎ. ಓದುವ ಹೆಣ್ಣುಮಕ್ಕಳಿಗೆ ಇನ್ನೊಂದು ಅನುಕೂಲವಾಗಿದೆ. 2023ರ ಜುಲೈಯಲ್ಲಿ ಬಂದ ಹೊಸ ಕ್ರಮದಿಂದ ಆಫೀಸಿನಲ್ಲಿ ಮಾಡಬೇಕಾದ ಆರ್ಟಿಕಲ್‌ಷಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. 2024ರಿಂದ ಫೌಂಡೇಶನ್ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳು ವರ್ಷಕ್ಕೆ ಮೂರು ಸಲ. ಸೇಲಂನಲ್ಲಿ ಸಂಸ್ಥೆಯ ಶಾಖೆ ಇದೆ, ಆರ್ಟಿಕಲ್‌ಷಿಪ್ ಕೊಡುವ ಆಡಿಟರುಗಳಿದ್ದಾರೆ. ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರಬಹುದಾದಷ್ಟೇ ದೂರ.

ಅಂಗಡಿಗೂ ಇದು ಬೇಕಾಗಿದೆ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಮುನೀಮರ ಕಿರ್ದಿ ಒಂದೇ ದಿನದಲ್ಲಿ ಹಳೆಯದಾಯಿತು. 2023ರ ಆಗಸ್ಟಿನಿಂದ 5 ಕೋಟಿಗೆ ಮೇಲ್ಪಟ್ಟ ವಹಿವಾಟಿನವರು ಇತರ ವ್ಯಾಪಾರಿಗಳಿಗೆ ಮಾಡುವ ಮಾರಾಟಕ್ಕೆ ಇ–ಇನ್‌ವಾಯ್ಸ್ ಹಾಕಬೇಕಾಯಿತು. ಅಂದಿನಿಂದ ಹೊರಗಿನ ಆಡಿಟರಿಗೆ ವರ್ಷವರ್ಷ ಕಟ್ಟುತ್ತಿರುವ ಫೀಸು ಎಷ್ಟಾಯಿತೆಂದು ನಮ್ಮ ಅಂಗಡಿಕಾರರು ಒಮ್ಮೆ ಕೂಡಿಸಿ ನೋಡಲಿ. ಆ ಮೊತ್ತವನ್ನು ಕೈಯಲ್ಲಿ ಹಿಡಿದುಕೊಂಡು, ಈ ಮೇ ತಿಂಗಳ ಸಭೆಗೆ ಮಗಳನ್ನೂ ಕರೆದು ಕೂರಿಸಿ, 'ನಿನಗೇನು ಓದಬೇಕೆಂದಿದೆಯಮ್ಮಾ?' ಎಂದು ಮೊದಲು ಅವಳನ್ನೇ ಕೇಳಲಿ.